ಮನೆಯ ಕಂಪ್ಯೂಟರ್‌ಗೆ ಸೋಲಾರ್ ಕೀಬೋರ್ಡ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮನೆ ಮಂಡ್ಯದಲ್ಲಿ, ಕಂಪ್ಯೂಟರ್ ಇರುವುದು ನಡುಮನೆಯ ಮೂಲೆಯಲ್ಲಿ. ವೈರ್‌ಲೆಸ್ ಕೀಬೋರ್ಡ್‌ಗೆ ಎರಡು ಮೂರು ತಿಂಗಳಿಗೊಮ್ಮೆ ಸೆಲ್ ಹಾಕಿ ಸಾಕಾಗಿದೆ. ಸೋಲಾರ್ ಕೀಬೋರ್ಡ್ ತಂದರೆ ಈ ರಗಳೆ ತಪ್ಪುತ್ತಾ, ಅದನ್ನು ಬಿಸಿಲಿಗೆ ಇಡಬೇಕಾ, ಕನ್ನಡ ಟೈಪ್ ಮಾಡಲು ತೊಂದರೆ ಇಲ್ವಾ?

ನಾನು ಮೈಸೂರಿನವನು, ಸರಸ್ವತಿಪುರಂನಲ್ಲಿ ಮನೆ. ಇದನ್ನು ಬರೆಯುತ್ತಿರುವುದೂ ಸೋಲಾರ್ ಕೀಬೋರ್ಡ್‌ನಲ್ಲೇ. ಆದರೂ ಕಣ್ಣುಮುಚ್ಚಿಕೊಂಡು ತಗೊಳ್ಳಿ ಅಂತ ನಿಮಗೆ ಹೇಳಲಾರೆ. ನೀವು ಹೇಳಿದ ಆ ನಡುಮನೆಯ ಮೂಲೆಯ ಮೇಲೇ ನನಗೆ ಅನುಮಾನ.

ಮೊದಲು ಬಿಸಿಲಿನ ವಿಷಯ ಮುಗಿಸಿಬಿಡೋಣ. ಬಿಸಿಲಿಗೆ ಇಡಬೇಕಾಗಿಲ್ಲ, ಇಡಲೂಬಾರದು. ಕೀಬೋರ್ಡ್‌ನ ಮೇಲಂಚಿನಲ್ಲಿ ಕ್ಯಾಲ್ಕುಲೇಟರ್‌ಗೆ ಇರುವಂಥದ್ದೇ ಒಂದು ಕಪ್ಪು ಪಟ್ಟಿ ಇರುತ್ತದೆ. ಅದು ಮನೆಯೊಳಗಿನ ಬೆಳಕಿನಿಂದಲೇ ಒಳಗಿನ ಸಣ್ಣ ಸೆಲ್ ಚಾರ್ಜ್ ಮಾಡುತ್ತದೆ. ಕಿಟಕಿ ಬೆಳಕಾದರೂ ಸರಿ, ಟ್ಯೂಬ್‌ಲೈಟ್ ಆದರೂ ಸರಿ. ಕೀಬೋರ್ಡ್ ನಡೆಯುವುದು ಆ ಸೆಲ್ ಮೇಲೆ. ಹಾಗಾಗಿ ಕರೆಂಟ್ ಹೋದ ಕೂಡಲೇ, ಕತ್ತಲಾದ ಕೂಡಲೇ ನಿಂತುಹೋಗುವುದಿಲ್ಲ. ಲಾಜಿಟೆಕ್‌ನವರು 2010ರಲ್ಲಿ ತಂದ ಕೆ750 ಈ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾದರಿ. ಪೂರ್ತಿ ಕತ್ತಲಲ್ಲೂ ಮೂರು ತಿಂಗಳು ನಡೆಯುತ್ತದೆ ಅಂತ ಅವರ ಲೆಕ್ಕ. 2025ರಲ್ಲಿ ಬಂದ ಕೆ980ಗೆ ನಾಲ್ಕು ತಿಂಗಳು ಅನ್ನುತ್ತಾರೆ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿಯ ಕಟ್ಟೆ ಮೇಲೆ ಇಟ್ಟರೆ ಪ್ಲಾಸ್ಟಿಕ್‌ಗೂ ಕಷ್ಟ, ಒಳಗಿನ ಲಿಥಿಯಂ ಸೆಲ್‌ಗೂ ಕಷ್ಟ.

ಇಷ್ಟು ಕಡಿಮೆ ಬೆಳಕು ಹೇಗೆ ಸಾಲುತ್ತದೆ ಅಂತ ಅನ್ನಿಸಬಹುದು. ಸಾದಾ ವೈರ್‌ಲೆಸ್ ಕೀಬೋರ್ಡ್‌ನ ಡಬ್ಬಿ ಮೇಲೆ ಎರಡು ಸೆಲ್‌ಗೆ ಎರಡು ವರ್ಷ ಬರುತ್ತದೆ ಅಂತ ಬರೆದಿರುತ್ತಾರೆ. ರಿಮೋಟ್‌ಗೆ ಹಾಕುವ ಸಣ್ಣ ಆಲ್ಕಲೈನ್ ಸೆಲ್‌ನಲ್ಲಿ ಸುಮಾರು 1000 ಮಿಲಿಆಂಪಿಯರ್ ಅವರ್ (ಸೆಲ್ ಎಷ್ಟು ಕರೆಂಟ್ ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ) ಇರುತ್ತದೆ. ಎರಡು ವರ್ಷ ಅಂದರೆ ಸುಮಾರು 17,500 ಗಂಟೆ. ಭಾಗಿಸಿ ನೋಡಿ, ಸರಾಸರಿ 0.06 ಮಿಲಿಆಂಪಿಯರ್ ಹತ್ತಿರ ಬರುತ್ತದೆ. ಎರಡು ಸೆಲ್ ಸೇರಿ 3 ವೋಲ್ಟ್, ಹಾಗಾಗಿ ವ್ಯಾಟ್ ಲೆಕ್ಕದಲ್ಲಿ ಮನೆಯ 9 ವ್ಯಾಟ್ ಬಲ್ಬ್ ಇದರ ಐವತ್ತು ಸಾವಿರ ಪಟ್ಟು ತಿನ್ನುತ್ತದೆ! ಕೀಬೋರ್ಡ್ ಬಹುಪಾಲು ಹೊತ್ತು ನಿದ್ದೆಯಲ್ಲೇ ಇರುತ್ತದೆ, ಕೀ ಒತ್ತಿದಾಗ ಎದ್ದು ಒಂದು ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ನನಗೆ ಗೊತ್ತಿರುವ ಸೋಲಾರ್ ಮಾದರಿಗಳಲ್ಲಿ ಕೀಗಳ ಕೆಳಗೆ ದೀಪ ಇಲ್ಲದಿರುವುದೂ ಇದಕ್ಕೇ. ಆ ದೀಪ ಹಚ್ಚಿದರೆ ಈ ಲೆಕ್ಕವೆಲ್ಲ ತಲೆಕೆಳಗು.

ಹಾಗಾದರೆ ನಿಮ್ಮ ಈಗಿನ ಕೀಬೋರ್ಡ್ ಎರಡು ಮೂರು ತಿಂಗಳಿಗೇ ಸೆಲ್ ಯಾಕೆ ಕೇಳುತ್ತಿದೆ? ಹೊಸದು ಕೊಳ್ಳುವ ಮೊದಲು ಇದನ್ನು ನೋಡಿಬಿಡಿ, ಖರ್ಚೇ ಉಳಿಯಬಹುದು. ಅಂಗಡಿಯಲ್ಲಿ ಸುಮ್ನೆ "ಸೆಲ್ ಕೊಡಿ" ಅಂದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಸೆಲ್ ಕೊಡುತ್ತಾರೆ. ಅದರಲ್ಲಿರುವುದು ಆಲ್ಕಲೈನ್‌ನ ಅರ್ಧದಷ್ಟೋ ಇನ್ನೂ ಕಡಿಮೆಯೋ. ಕೇಳಿ ಆಲ್ಕಲೈನ್ ತಗೊಳ್ಳಿ. ಕೀಗಳ ಕೆಳಗೆ ದೀಪ ಇದ್ದರೆ ಆರಿಸಿಡಿ.

ಇನ್ನೊಂದು ಸಾಧ್ಯತೆ ಇದೆ. ಸೆಲ್ ಮುಗಿದೇ ಇರುವುದಿಲ್ಲ! ಡಾಂಗಲ್ ಅನ್ನು, ಅಂದರೆ ಕೀಬೋರ್ಡ್ ಜೊತೆ ಬರುವ ಪುಟ್ಟ ಯುಎಸ್‌ಬಿ ತುಂಡನ್ನು, ಸಿಪಿಯು ಡಬ್ಬಿಯ ಹಿಂದೆ, ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯಲ್ಲಿ ಚುಚ್ಚಿರುತ್ತೀರಿ. ಪಕ್ಕದಲ್ಲೇ ಪೆನ್‌ಡ್ರೈವೋ ಹಾರ್ಡ್ ಡಿಸ್ಕೋ ಇರುತ್ತದೆ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ. ನಿಮ್ಮ ಕೀಬೋರ್ಡ್ ಮಾತಾಡುವುದೂ ಅಲ್ಲೇ. ಮೇಲೆ ತಗಡಿನ ಡಬ್ಬಿ ಅಡ್ಡ ಬೇರೆ. ಅಕ್ಷರ ತಪ್ಪಿಸಿದಾಗ ನಾವು ಸೆಲ್ ಮೇಲೆ ತಪ್ಪು ಹೊರಿಸಿ ಬದಲಿಸುತ್ತೇವೆ, ಸ್ವಲ್ಪ ದಿನ ಸರಿ ಹೋದಂತೆ ಕಾಣುತ್ತದೆ. ಡಾಂಗಲ್ ಅನ್ನು ಮುಂಭಾಗದ ಕಿಂಡಿಗೆ ಹಾಕಿ, ಇಲ್ಲವೇ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಟೇಬಲ್ ಮೇಲೆ ತಂದಿಡಿ. ಇದು ಸೋಲಾರ್ ಕೀಬೋರ್ಡ್‌ಗೂ ಅಷ್ಟೇ ಅನ್ವಯಿಸುತ್ತದೆ.

ಇಷ್ಟು ಮಾಡಿದ ಮೇಲೂ ಸೋಲಾರೇ ಬೇಕು ಅನ್ನಿಸಿದರೆ, ಆ ಮೂಲೆಯ ಬೆಳಕು ಅಳೆಯಿರಿ. ಫೋನ್‌ಗೆ ಲಕ್ಸ್ ಮೀಟರ್ ಆಪ್ ಸಿಗುತ್ತದೆ, ಬಿಟ್ಟಿ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಕೀಬೋರ್ಡ್ ಇಡುವ ಜಾಗದಲ್ಲೇ ಫೋನನ್ನು ಅಂಗಾತ ಮಲಗಿಸಿ ನೋಡಿ. ಅಂದಾಜಿಗೆ ಹೇಳುವುದಾದರೆ, ಮಧ್ಯಾಹ್ನದ ನೇರ ಬಿಸಿಲು 1 ಲಕ್ಷ ಲಕ್ಸ್ ಹತ್ತಿರ. ಆಷಾಢದ ಮೋಡದ ದಿನವೂ ಹೊರಗೆ ಸಾವಿರಗಟ್ಟಲೆ ಇರುತ್ತದೆ. ಚೆನ್ನಾಗಿ ದೀಪ ಹಾಕಿದ ಆಫೀಸಿನ ಟೇಬಲ್ ಮೇಲೆ 300ರಿಂದ 500. ರಾತ್ರಿ ಒಂದೇ ಬಲ್ಬ್ ಉರಿಯುವ ನಮ್ಮ ನಡುಮನೆಗಳಲ್ಲಿ 100 ದಾಟಿದರೆ ಹೆಚ್ಚು. ಕೆ980ಗೆ 200 ಲಕ್ಸ್ ಸಾಕು ಅಂತ ತಯಾರಕರೇ ಹೇಳುತ್ತಾರೆ. ನಿಮ್ಮ ಮೂಲೆಯಲ್ಲಿ ಹಗಲು ನಾಲ್ಕೈದು ಗಂಟೆ ಅಷ್ಟು ಕಂಡರೆ ಧೈರ್ಯವಾಗಿ ತಗೊಳ್ಳಿ. ಹಗಲಲ್ಲೂ 50, 60 ತೋರಿಸಿದರೆ ಆಸೆ ಬಿಡಿ. ಹಳೆಯ ಹಂಚಿನ ಮನೆ, ಸಣ್ಣ ಕಿಟಕಿ, ಮುಂದೆ ಜಗಲಿ ಇರುವ ಕಡೆ ಹೀಗಾಗುವುದು ಸಹಜ.

ಬಲ್ಬ್ ಬೆಳಕು ದೂರ ಹೋದಷ್ಟೂ ಬೇಗ ಸೊರಗುತ್ತದೆ. 9 ವ್ಯಾಟ್ ಎಲ್‌ಇಡಿಯಿಂದ ಸುಮಾರು 900 ಲುಮೆನ್ (ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ) ಬರುತ್ತದೆ. ಅದು ಒಂದು ಮೀಟರ್ ಮೇಲಿದ್ದರೆ ಕೀಬೋರ್ಡ್‌ಗೆ 70 ಲಕ್ಸ್ ಚಿಲ್ಲರೆ, ಎರಡು ಮೀಟರ್ ಮೇಲಿದ್ದರೆ ಅದರ ಕಾಲು ಭಾಗ. ಗೋಡೆಗೆ ತಗುಲಿ ವಾಪಸ್ ಬರುವ ಬೆಳಕು ಸೇರಿ ಸ್ವಲ್ಪ ಜಾಸ್ತಿ ಆಗಬಹುದು ಅಷ್ಟೇ. ಅದೇ ಬಲ್ಬ್ ಅನ್ನು ಟೇಬಲ್ ಲ್ಯಾಂಪ್‌ಗೆ ಹಾಕಿ ಒಂದೂವರೆ ಅಡಿ ಎತ್ತರದಲ್ಲಿ ಇಟ್ಟರೆ 300 ದಾಟುತ್ತದೆ. ಹಾಗಾಗಿ ಟೇಬಲ್ ಲ್ಯಾಂಪ್ ಹಚ್ಚಿ ಕೂರುವ ಅಭ್ಯಾಸ ನಿಮಗಿದ್ದರೆ ಕತ್ತಲ ಮೂಲೆಯೂ ನಡೆಯುತ್ತದೆ. ಕೀಬೋರ್ಡ್ ಚಾರ್ಜ್ ಆಗಲಿ ಅಂತಲೇ ಲ್ಯಾಂಪ್ ಉರಿಸುವುದು ಮಾತ್ರ ನಗೆಪಾಟಲು.

ನನ್ನ ಪ್ರಕಾರ ನಮ್ಮ ಊರುಗಳಲ್ಲಿ ಸೋಲಾರ್ ಕೀಬೋರ್ಡ್‌ನ ದೊಡ್ಡ ಶತ್ರು ಕಂಪ್ಯೂಟರ್ ಟೇಬಲ್. ಹಲಗೆಯ ಕೆಳಗೆ ಎಳೆಯುವ ಟ್ರೇ ಇರುತ್ತದಲ್ಲ, ಅದು. ಕೆಲಸ ಮುಗಿದ ಮೇಲೆ ಟ್ರೇ ಒಳಗೆ ತಳ್ಳಿದರೆ ಕೀಬೋರ್ಡ್ ದಿನವಿಡೀ ಕತ್ತಲಲ್ಲಿ. ಎಳೆದು ಕೂತಾಗಲೂ ಪಟ್ಟಿ ಇರುವ ಮೇಲಂಚು ಹಲಗೆಯ ನೆರಳಿನಲ್ಲೇ ಇರುತ್ತದೆ. ಎರಡನೇ ಶತ್ರು ಧೂಳಿಗೆ ಅಂತ ಹೊದಿಸುವ ಬಟ್ಟೆ. ಮನೆಯಲ್ಲಿ ಅಮ್ಮನೋ ಹೆಂಡತಿಯೋ ಪ್ರೀತಿಯಿಂದ ಹೊದಿಸಿರುತ್ತಾರೆ, ಬೇಡ ಅನ್ನಲೂ ಆಗುವುದಿಲ್ಲ. ಟ್ರೇ ಬಿಟ್ಟು ಮೇಲೆ ಇಡಲು ಜಾಗ ಇಲ್ಲ ಅಂದರೆ ಈ ಉತ್ತರದ ಉಳಿದ ಭಾಗ ಓದುವುದೇ ಬೇಡ, ಎರಡು ಆಲ್ಕಲೈನ್ ಸೆಲ್ ತಂದು ಹಾಕಿಕೊಳ್ಳಿ.

ಇನ್ನು ಒಳಗಿನ ಸೆಲ್. ಪಟ್ಟಿ ಹದಿನೈದು ವರ್ಷ ಬಂದರೂ ಚಾರ್ಜ್ ಆಗುವ ಸೆಲ್ ಅಷ್ಟು ಬರುವುದಿಲ್ಲ. ಆಮೇಲೆ ಅದನ್ನು ಬದಲಿಸಲು ಆಗುತ್ತದೋ ಇಲ್ಲವೋ ಅಂತ ಮೊದಲೇ ತಿಳಿದುಕೊಳ್ಳಿ. ಕೆ750ಯ ಬದಿಯಲ್ಲಿ ಹೊರಗೆ ಎಳೆಯುವ ಪುಟ್ಟ ಬಟ್ಟಲಿನಂಥದ್ದು ಇದೆ, ಅದರಲ್ಲಿ ಎಂಎಲ್2032 ಅನ್ನುವ ಗುಂಡಿ ಸೆಲ್ ಇರುತ್ತದೆ. ಇಲ್ಲಿ ಎಚ್ಚರ ಬೇಕು. ಎಲ್ಲ ಅಂಗಡಿಯಲ್ಲೂ ಸಿಗುವುದು ಸಿಆರ್2032. ನೋಡಲು ಒಂದೇ ಥರ. ಎರಡೂ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಆದರೆ ಸಿಆರ್ ಚಾರ್ಜ್ ಮಾಡುವ ಸೆಲ್ ಅಲ್ಲ. ಅದನ್ನು ಹಾಕಿದರೆ ಕೀಬೋರ್ಡ್ ನಡೆಯುತ್ತದೆ, ಆದರೆ ಪಟ್ಟಿ ಅದಕ್ಕೆ ಚಾರ್ಜ್ ತುಂಬಲು ನೋಡುತ್ತಲೇ ಇರುತ್ತದೆ. ಸೆಲ್ ಸೋರಬಹುದು, ಉಬ್ಬಬಹುದು. "ಎರಡೂ ಒಂದೇ ಸರ್" ಅಂತ ಅಂಗಡಿಯವರು ಹೇಳಿದರೂ ಒಪ್ಪಬೇಡಿ, ಎಂಎಲ್ ಅಂತ ಅಕ್ಷರ ನೋಡಿಯೇ ತಗೊಳ್ಳಿ. ಮೈಸೂರು, ಮಂಡ್ಯದ ಅಂಗಡಿಗಳಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಬೇಕು.

ಇದೇ ಕಾರಣಕ್ಕೆ ಹಳೆಯ ಸ್ಟಾಕ್ ಅಗ್ಗಕ್ಕೆ ಸಿಕ್ಕಿದರೆ ಹುಷಾರು. ಡಬ್ಬಿಯೊಳಗೆ ವರ್ಷಗಟ್ಟಲೆ ಕತ್ತಲಲ್ಲಿ ಕೂತ ಸೆಲ್ ಪೂರ್ತಿ ಬರಿದಾಗಿ ಹಾಳಾಗಿರಬಹುದು. ಕೆ750ಯಲ್ಲಿ ಬೆಳಕು ಸಾಕೋ ಇಲ್ಲವೋ ತೋರಿಸುವ ಗುಂಡಿ ಇದೆ, ಅದನ್ನು ಅಂಗಡಿಯಲ್ಲೇ ಒತ್ತಿ ನೋಡಿ. ಮ್ಯಾಕ್‌ಗೆ ಅಂತ ಮಾಡಿದ ಮಾದರಿಯೂ ಇದೆ. ಅದು ವಿಂಡೋಸ್‌ನಲ್ಲಿ ನಡೆದರೂ ಆಲ್ಟ್ ಮತ್ತು ವಿಂಡೋಸ್ ಕೀ ಅದಲುಬದಲಾಗಿ ತಲೆ ತಿನ್ನುತ್ತದೆ.

ಡೆಸ್ಕ್‌ಟಾಪ್ ಆದ್ದರಿಂದ ಇನ್ನೊಂದು ನೋಡಬೇಕು. ಕೆಲವು ಮಾದರಿಗಳ ಜೊತೆ ಡಾಂಗಲ್ ಬರುತ್ತದೆ, ಕೆಲವು ಬರೀ ಬ್ಲೂಟೂತ್. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಇರುವುದೇ ಅಪರೂಪ. ಬೇರೆ ಬ್ಲೂಟೂತ್ ತುಂಡು ಹಾಕಿಕೊಂಡರೂ, ವಿಂಡೋಸ್ ಮತ್ತೆ ಹಾಕುವಾಗ ಬಯೋಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲು ಬರುವ ಸೆಟ್ಟಿಂಗ್ ಪರದೆ) ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಡಾಂಗಲ್ ಇರುವುದನ್ನೇ ಆರಿಸಿ. ಅಟ್ಟದ ಮೇಲೆ ಒಂದು ಹಳೆಯ ವೈರ್ ಕೀಬೋರ್ಡ್ ಇರಲಿ.

ಕನ್ನಡಕ್ಕೆ ಏನೂ ತೊಂದರೆ ಇಲ್ಲ. ನುಡಿ ತಂತ್ರಾಂಶದ ಕಗಪ ಕೀ ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರ ನೋಡಿಯೇ ಟೈಪ್ ಮಾಡುತ್ತೇವಲ್ಲ, ಕೀ ಮೇಲೆ ಕನ್ನಡ ಅಚ್ಚಾಗಿರಬೇಕಾಗಿಲ್ಲ. ಆದರೆ ಮಹಾಪ್ರಾಣಕ್ಕೆ, ದೀರ್ಘಕ್ಕೆ ಶಿಫ್ಟ್ ಒತ್ತುತ್ತಲೇ ಇರಬೇಕು. ಅದಕ್ಕೇ ಎಡಗಡೆ ಶಿಫ್ಟ್ ಉದ್ದವಾಗಿದೆಯಾ ನೋಡಿ. ಬ್ರಿಟನ್ ವಿನ್ಯಾಸದ ಕೀಬೋರ್ಡ್‌ಗಳಲ್ಲಿ ಅದು ಮೊಟಕಾಗಿರುತ್ತದೆ, ಪಕ್ಕದಲ್ಲಿ ಇನ್ನೊಂದು ಕೀ ತುರುಕಿರುತ್ತಾರೆ. ಕಿರುಬೆರಳು ಅಲ್ಲಿಗೇ ಹೋಗಿ "ಖ" ಬದಲು ಇನ್ನೇನೋ ಬೀಳುತ್ತದೆ. ನೀವು ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕನ್ನಡ ಕೀ ವಿನ್ಯಾಸ ಬಳಸುವವರಾದರೆ ಸ್ಟಿಕ್ಕರ್ ಅಂಟಿಸಿಕೊಳ್ಳಿ, ಕೀಗಳ ಮೇಲೆ ಮಾತ್ರ. ಇಡೀ ಕೀಬೋರ್ಡ್‌ಗೆ ಹಾಕುವ ಪ್ಲಾಸ್ಟಿಕ್ ಕವರ್ ಬೇಡ, ಪಟ್ಟಿ ಮುಚ್ಚಿಹೋಗುತ್ತದೆ.

ಪಟ್ಟಿಯನ್ನು ಆಗಾಗ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಆಯುಧಪೂಜೆ ದಿನ ಕಂಪ್ಯೂಟರ್‌ಗೂ ಅರಿಶಿನ ಕುಂಕುಮ ಹಚ್ಚುವ ಮನೆ ನಿಮ್ಮದಾದರೆ ಮಾನಿಟರ್ ಮೂಲೆಗೋ ಸಿಪಿಯುಗೋ ಹಚ್ಚಿ. ಕೀಬೋರ್ಡ್‌ನ ನುಣುಪು ಪಟ್ಟಿಗೆ ಹತ್ತಿದ ಕುಂಕುಮವನ್ನು ಗಟ್ಟಿಯಾಗಿ ತಿಕ್ಕಿದರೆ ಗೀರು ಬೀಳುತ್ತದೆ.

ದುಡ್ಡಿನ ಮಾತು. ಒಂದು ಜೊತೆ ಆಲ್ಕಲೈನ್ ಸೆಲ್ ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಒಳ್ಳೆ ಕೀಬೋರ್ಡ್‌ನಲ್ಲಿ ಅದು ವರ್ಷದ ಮೇಲೆ ಬರುತ್ತದೆ. ಸೋಲಾರ್‌ಗೆ ಸಾವಿರಗಟ್ಟಲೆ ಕೊಡಬೇಕು, ಕೆ750 ಬಂದಾಗಲೇ ಅಮೆರಿಕದಲ್ಲಿ 80 ಡಾಲರ್ ಇತ್ತು. ಸೆಲ್ ಉಳಿಸಿ ಆ ದುಡ್ಡು ವಾಪಸ್ ಬರುವುದು ಈ ಜನ್ಮದಲ್ಲಿ ಆಗದ ಮಾತು. ನಾನು ಇಟ್ಟುಕೊಂಡಿರುವುದು ಸೆಲ್ ಬಗ್ಗೆ ಯೋಚನೆಯೇ ಇರಬಾರದು ಅಂತ. ಜೊತೆಗೆ ನನ್ನ ಟೇಬಲ್ ಕಿಟಕಿ ಪಕ್ಕದಲ್ಲೇ ಇದೆ. ನಿಮಗೆ ಸೆಲ್ ಬಿಸಾಡುವುದೇ ಬೇಸರ ಅಂದರೆ ನಡುವಿನ ದಾರಿ ಒಂದಿದೆ: ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು, ಒಂದು ಚಾರ್ಜರ್. ಎರಡು ಕೀಬೋರ್ಡ್‌ನಲ್ಲಿ, ಎರಡು ಚಾರ್ಜ್ ಆಗಿ ಡ್ರಾಯರ್‌ನಲ್ಲಿ. ಇವು 1.5ರ ಬದಲು 1.2 ವೋಲ್ಟ್ ಕೊಡುವುದರಿಂದ ಕೆಲವು ಕೀಬೋರ್ಡ್ ಸೆಲ್ ಕಡಿಮೆ ಅಂತ ಬೇಗ ದೀಪ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ.

ಲಕ್ಸ್ ಅಳೆದು ಹಗಲು ಎಷ್ಟು, ರಾತ್ರಿ ಎಷ್ಟು ಬಂತು, ಟೇಬಲ್‌ಗೆ ಟ್ರೇ ಇದೆಯಾ ಅಂತ ಇಲ್ಲೇ ಬರೆಯಿರಿ. ಅದನ್ನು ನೋಡಿ ಯಾವ ಮಾದರಿ ಅಂತ ಹೇಳುತ್ತೇನೆ.