ಊಬರ್ ಓಡಿಸಿದವರಿಗೆ ಅಮೆರಿಕದಲ್ಲಿ ಡಿಸೆಬಿಲಿಟಿ ಹಣ ಸಿಗುತ್ತಾ?

ನೀವು ಬರೆದ ಪ್ರಕಾರ ಅಮೆರಿಕದಲ್ಲಿ ಐದು ವರ್ಷ ಕಂಪನಿ ಕೆಲಸ, ಆಮೇಲೆ ಈವರೆಗೆ ಆರು ವರ್ಷ ಊಬರ್, ಈಗ 46ನೇ ವಯಸ್ಸಿಗೆ ಬೆನ್ನು ಕೈಕೊಟ್ಟಿದೆ, ಕೊನೆಯ ಎರಡು ವರ್ಷ ಟ್ಯಾಕ್ಸ್ ಫೈಲ್ ಮಾಡಿಲ್ಲ. ಮೊದಲು ಆ ಎರಡು ರಿಟರ್ನ್ ಫೈಲ್ ಮಾಡಿ. ಉಳಿದದ್ದೆಲ್ಲ ಆಮೇಲೆ.

ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಕೊಡುವ ಈ ಹಣಕ್ಕೆ ಕ್ರೆಡಿಟ್, ಅಂದರೆ ದುಡಿಮೆಯಿಂದ ಸೇರುವ ಅಂಕಗಳು ಬೇಕು. ಎಲ್ಲರೂ 40 ಕ್ರೆಡಿಟ್ ಬೇಕು ಅಂತಾರೆ. ನಿಮ್ಮ ವಯಸ್ಸಿಗೆ ಒಟ್ಟು 24 ಸಾಕು, ಆದರೆ ಅದರಲ್ಲಿ 20 ಕಳೆದ ಹತ್ತು ವರ್ಷದ್ದೇ ಆಗಿರಬೇಕು. ಕಂಪನಿಯಿಂದ ನಿಮಗೆ ಸುಮಾರು 20 ಬಂದಿರುತ್ತೆ, ಮೊದಲ ವರ್ಷದ್ದು ಈಗ ಹತ್ತು ವರ್ಷದ ಆಚೆ ಹೋಗಿದೆ, ಅಲ್ಲಿಗೆ 16. ಇನ್ನು ನಾಲ್ಕು ಊಬರ್ ದುಡಿಮೆಯಿಂದ ಬರಬೇಕು. ಒಂದೇ ಒಂದು ವರ್ಷ ಸಾಕು!

ಆದರೆ ಕ್ರೆಡಿಟ್ ಸಿಗೋದು ಊಬರ್ ಕೊಟ್ಟ ಹಣಕ್ಕಲ್ಲ, ಖರ್ಚು ಕಳೆದು ಉಳಿದ ಲಾಭಕ್ಕೆ. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ಲಾಭ ಬೇಕಿತ್ತು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಓಡಿಸಿದ ಪ್ರತಿ ಮೈಲಿಗೆ ಖರ್ಚು ಅಂತ ಆ ವರ್ಷದ ದರ 70 ಸೆಂಟ್ ಕಳೆದರೆ ಎಷ್ಟೋ ಡ್ರೈವರ್‌ಗಳ ಲಾಭ ಕಾಗದದ ಮೇಲೆ ಕರಗಿಯೇ ಹೋಗುತ್ತೆ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ನಮ್ಮ ಯಜಮಾನರು ವರ್ಷಗಟ್ಟಲೆ ಸ್ವಂತ ವ್ಯಾನಿನಲ್ಲಿ ದುಡಿದರು, ಲಾಭವೇ ಕಾಣದ್ದರಿಂದ ಸ್ವಂತ ದುಡಿಮೆಯ ಲಾಭಕ್ಕೆ ಬೀಳುವ 15.3 ಪರ್ಸೆಂಟ್ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಉಳೀತು ಅಂತ ನಾವು ಖುಷಿಪಟ್ಟೆವು. ಅವರಿಗೆ ಸ್ಟ್ರೋಕ್ ಆದಾಗ ಕ್ರೆಡಿಟ್ ಸಾಲದು ಅಂತ ಅರ್ಜಿ ವಾಪಸ್ ಬಂತು, ಆಸ್ಪತ್ರೆಯ ಕಾಗದ ಯಾರೂ ತೆರೆದೂ ನೋಡಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹಾಗಂತ ಖರ್ಚು ಮುಚ್ಚಿಟ್ಟು ಲಾಭ ಜಾಸ್ತಿ ತೋರಿಸಬೇಡಿ, ಅದು ತಪ್ಪು. ಲಾಭ ಕಡಿಮೆ ಇದ್ದವರಿಗೆ, ಸ್ವಂತ ದುಡಿಮೆಯ ಟ್ಯಾಕ್ಸ್ ಲೆಕ್ಕ ಹಾಕುವ ಫಾರ್ಮ್ ಆದ ಷೆಡ್ಯೂಲ್ ಎಸ್‌ಇಯಲ್ಲಿ ಆಪ್ಷನಲ್ ಮೆಥಡ್ ಅಂತಲೇ ಒಂದು ದಾರಿ ಇದೆ, ನಿಜವಾದ ಲಾಭಕ್ಕಿಂತ ಹೆಚ್ಚಿನ ಮೊತ್ತಕ್ಕೆ ಟ್ಯಾಕ್ಸ್ ಕಟ್ಟಿ ಕ್ರೆಡಿಟ್ ಪಡೆಯೋದು. ಜೀವನದಲ್ಲಿ ಐದು ವರ್ಷಕ್ಕೆ ಮಾತ್ರ, ಹಿಂದಿನ ಮೂರು ವರ್ಷದಲ್ಲಿ ಎರಡು ವರ್ಷವಾದರೂ 400 ಡಾಲರ್ ಲಾಭ ಇರಬೇಕು. ನಮಗೆ ಇದನ್ನು ಆಗ ಯಾರೂ ಹೇಳಲಿಲ್ಲ.

ಗಡುವು ಮರೀಬೇಡಿ. ಸ್ವಂತ ದುಡಿಮೆಯ ಆದಾಯ ದಾಖಲೆಗೆ ಸೇರಬೇಕಾದರೆ ಆ ವರ್ಷ ಮುಗಿದು 3 ವರ್ಷ, 3 ತಿಂಗಳು, 15 ದಿನದೊಳಗೆ ರಿಟರ್ನ್ ಹೋಗಿರಬೇಕು. 2023ರದ್ದಕ್ಕೆ 2027ರ ಏಪ್ರಿಲ್ 15. ಆಮೇಲೆ ಟ್ಯಾಕ್ಸ್ ಕಟ್ಟಿದರೂ ಕ್ರೆಡಿಟ್ ಬರಲ್ಲ.

ಇಲ್ಲಿಗೆ ಬರುವ ಮೊದಲು ಬೆಂಗಳೂರಿನಲ್ಲಿ ದುಡಿದ ವರ್ಷಗಳಿದ್ದರೆ ಅವು ಇಲ್ಲಿ ಲೆಕ್ಕಕ್ಕಿಲ್ಲ, ಎರಡು ದೇಶಗಳ ದುಡಿಮೆಯನ್ನು ಕೂಡಿಸುವ ಒಪ್ಪಂದವೇ ಭಾರತ, ಅಮೆರಿಕದ ನಡುವೆ ಇಲ್ಲ. ಇವತ್ತೇ ಸೋಷಿಯಲ್ ಸೆಕ್ಯುರಿಟಿ ವೆಬ್‌ಸೈಟ್‌ನಲ್ಲಿ ನಿಮ್ಮ ಖಾತೆ ತೆರೆದು ವರ್ಷವಾರು ಗಳಿಕೆ ನೋಡಿ, ಸೊನ್ನೆ ಇರುವ ವರ್ಷಗಳನ್ನು ಬರೆದುಕೊಂಡು ಟ್ಯಾಕ್ಸ್ ಮಾಡುವವರ ಹತ್ತಿರ ಹೋಗಿ.