‘ತೆರೆದು ನೋಡಿದ್ರ ಗೇಟ್ ಪಾಸ್ ಹೋಗ್ತೈತ್ರಿ’

ಆರೋಗ್ಯ ತಪಾಸಣೆಯ ವರದಿ ತೆರೆಯಲು ಹೆದರುವುದು ಕೊಪ್ಪಳ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರಲ್ಲಿ ಪದೇ ಪದೇ ಕಾಣುವ ಸಂಗತಿ. ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಅಂಥ ಒಬ್ಬರ ಬಗ್ಗೆ ಗುರುತು ಮರೆಸಿ ಬರೆಯುತ್ತಿದ್ದೇನೆ. ನಲವತ್ತು ದಾಟಿದವರು, ಪಾಳಿ ಕೆಲಸ. ನಿದ್ದೆಯಿಲ್ಲ, ಮನೆಯಲ್ಲಿ ಬರೀ ಸಿಡುಕು ಎಂದು ಹೆಂಡತಿ ಕರೆತಂದಿದ್ದರು.

ಎರಡನೇ ಭೇಟಿಯಲ್ಲಿ ಆಕೆ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲಿಟ್ಟರು. ಕಾರ್ಖಾನೆಯ ಮೂರು ವರ್ಷದ ಹೆಲ್ತ್ ಚೆಕಪ್ ರಿಪೋರ್ಟು, ಹೊಡೆದ ಪಿನ್ನು ಹಾಗೇ ಇತ್ತು. ಆತ ಕೈ ಅಡ್ಡ ಇಟ್ಟರು: “ತೆರೆದು ನೋಡಿದ್ರ ಗೇಟ್ ಪಾಸ್ ಹೋಗ್ತೈತ್ರಿ ಮೇಡಂ. ನೋಡ್ಲಿಲ್ಲಂದ್ರ ನಾ ಆರಾಮ ಅದೀನಿ.”

ಗೇಟ್ ಪಾಸ್ ಹೋದರೆ ಕೆಲಸವೇ ಹೋದಂತೆ. ನಿದ್ದೆ ಕೆಡಿಸಿದ್ದೇ ಈ ಕವರು. ಅವರು ಒಪ್ಪಿದ ಮೇಲೆ ಮೂರನ್ನೂ ಸಾಲಾಗಿ ಹರಡಿ ಒಂದೇ ಸಾಲು ನೋಡಿದೆವು. ಖಾಲಿ ಹೊಟ್ಟೆಯ ಸಕ್ಕರೆ 104, 112, 131. 100ರಿಂದ 125 ಗಡಿಯಂಚು. 126 ಮುಟ್ಟಿದರೆ ಮಧುಮೇಹದ ಲೆಕ್ಕ, ಆದರೆ ಇನ್ನೊಂದು ಪರೀಕ್ಷೆಯಿಂದ ಖಾತ್ರಿಯಾಗಬೇಕು. ರಕ್ತ ಯಾವಾಗ ಕೊಟ್ಟಿರಿ ಎಂದು ಕೇಳಿದೆ. ಈ ಸಲ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಆರಕ್ಕೆ. ನಾಲ್ಕಕ್ಕೆ ಸಕ್ಕರೆ ಚಹಾ ಆಗಿತ್ತು! ಹಾಗಾಗಿ 131ನ್ನು ನೆಚ್ಚುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ.

ವಾರದೊಳಗೆ ಮೂರೂ ವರದಿ ಹಿಡಿದು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಅಂಟದ ರೋಗಗಳ) ಕ್ಲಿನಿಕ್ಕಿಗೆ ಹೋಗಿ ಎಂದೆ. ರಜೆಯ ದಿನ, ರಾತ್ರಿ ಮಲಗಿ ಎದ್ದು, ಕನಿಷ್ಠ 8 ತಾಸು ನೀರು ಬಿಟ್ಟು ಏನೂ ಮುಟ್ಟದೆ ರಕ್ತ ಕೊಡಬೇಕು. ಜೊತೆಗೆ ಎಚ್‌ಬಿಎ1ಸಿ ಮಾಡಿಸಬೇಕು. ಅದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆ ಹೇಳುತ್ತದೆ, ಒಂದು ಕಪ್ ಚಹಾಕ್ಕೆ ಕೆಡುವುದಿಲ್ಲ, ಶೇ 6.5 ಅಥವಾ ಮೇಲಿದ್ದರೆ ಮಧುಮೇಹ. ರಕ್ತಹೀನತೆ ಇದ್ದವರಲ್ಲಿ ಇದೂ ದಾರಿ ತಪ್ಪಿಸಬಹುದು, ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನೂ ವೈದ್ಯರಿಗೆ ತೋರಿಸಬೇಕು.

ಆಪ್ತಸಲಹೆಗಾರರಿಗೆ ಸಕ್ಕರೆ ಅಂಕಿಯ ಉಸಾಬರಿ ಯಾಕೆ ಎನ್ನುವವರಿದ್ದಾರೆ. ರೋಗ ನಿರ್ಣಯ ನಮ್ಮದಲ್ಲ, ನಿಜ. ಆದರೆ ಕವರು ಮುಚ್ಚಿಟ್ಟೇ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಹೆದರಿಕೆ ಇದ್ದಲ್ಲೇ ಇರುತ್ತದೆ.

ನೌಕರಿ ಹೋಗುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ, ಕೊಡಲು ಬರುವುದೂ ಇಲ್ಲ. ವರದಿಯನ್ನು ಗುತ್ತಿಗೆದಾರರಿಗೋ ಸೂಪರ್‌ವೈಸರಿಗೋ ನೀವಾಗಿ ಒಯ್ದು ತೋರಿಸಬೇಡಿ, ಕಾರ್ಖಾನೆಯ ವೈದ್ಯರಿಂದ ಮಾತ್ರ ಮುಚ್ಚಿಡಬೇಡಿ ಎಂದೆ. ಯಾಕಂದರೆ ಎತ್ತರದಲ್ಲಿ, ಕ್ರೇನಿನಲ್ಲಿ, ಕಿಲ್ನ್ (ಕುಲುಮೆ) ಹತ್ತಿರ ದುಡಿಯುವವರು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಇಳಿದು ಕಣ್ಣುಕತ್ತಲೆ ಬರಬಹುದು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಒಂದರಿಂದಲೇ ಹಾಗಾಗುವುದು ಅಪರೂಪ.

ಎಚ್‌ಬಿಎ1ಸಿ 7.1 ಬಂತು. ಮೆಟ್‌ಫಾರ್ಮಿನ್ ಶುರುವಾಗಿದೆ, ರಾತ್ರಿ ಪಾಳಿಯಿದ್ದಾಗ ಬುತ್ತಿ ಉಂಡ ಕೂಡಲೇ ಮಾತ್ರೆ ನುಂಗುತ್ತಾರೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಕಣ್ಣಿನ ಅಕ್ಷಿಪಟಲ ತೋರಿಸಿಕೊಳ್ಳಲು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದಾರೆ.