ಮಗು ಆದ ಮೇಲೆ ಹೆಂಡತಿ ದೂರವಾಗಿದ್ದಾಳೆ, ಮತ್ತೆ ಮೊದಲಿನ ಹಾಗಾಗಲು ಏನು ಮಾಡಲಿ?

ಮಗುವಿಗೆ ಎಂಟು ತಿಂಗಳು, ಹತ್ತಿರ ಹೋದರೆ ಆ ಕಡೆ ತಿರುಗಿ ಮಲಗುತ್ತಾಳೆ ಅಂತ ಬರೆದಿದ್ದೀರಿ. ನೀವಿನ್ನೂ ಅದೇ ಹಾಸಿಗೆಯಲ್ಲಿದ್ದೀರಲ್ಲ, ಪುಣ್ಯ. ನಾನು ಅಲ್ಲೂ ಇರಲಿಲ್ಲ.

ಬಾಣಂತನ ಮುಗಿಸಿ ನನ್ನವಳು ತಿಪಟೂರಿನಿಂದ ಬೆಂಗಳೂರಿಗೆ ಬಂದಾಗ ಮಗುವಿಗೆ ಐದು ತಿಂಗಳು. ಎರಡು ಗಂಟೆಗೊಮ್ಮೆ ಏಳುತ್ತಿತ್ತು. ಮೂರನೇ ರಾತ್ರಿ ನಾನು ದಿಂಬು ಎತ್ತಿಕೊಂಡು ಹಾಲ್‌ಗೆ ಹೋದೆ. ‘ನಿಮ್ಮಿಬ್ಬರಿಗೂ ಜಾಗ ಆಗುತ್ತೆ’ ಅಂದೆ. ಅವಳಿಗೋಸ್ಕರ ಹೋದೆ ಅಂತ ತುಂಬಾ ದಿನ ನಾನೇ ನಂಬಿದ್ದೆ. ಸುಳ್ಳು. ನನಗೆ ನಿದ್ದೆ ಬೇಕಿತ್ತು, ಅಷ್ಟೇ. ಒಂದು ವಾರಕ್ಕೆ ಅಂತ ಹೋದವನು ಏಳು ತಿಂಗಳು ಅಲ್ಲೇ ಮಲಗಿದೆ. ದಿಂಬಿನ ಹಿಂದೆ ಚಾರ್ಜರ್ ಬಂತು, ರಗ್ಗು ಬಂತು, ನೀರಿನ ಬಾಟಲ್ ಬಂತು. ಮಲಗುವ ಮುಂಚೆ ಸುಮ್ನೆ ಏನೇನೋ ಮಾತಾಡುತ್ತಿದ್ದೆವು, ಓನರ್ ಬಗ್ಗೆ, ಅವಳ ತಂಗಿ ಬಗ್ಗೆ. ಅದು ನಿಂತೇ ಹೋಯಿತು. ಉಳಿದಿದ್ದು ಡೈಪರ್ ಎಷ್ಟಿದೆ, ಇಂಜೆಕ್ಷನ್ ಯಾವತ್ತು, ಇಷ್ಟೇ. ಇಂಥವನು ಭಾನುವಾರ ಮಗು ಮಲಗಿದ ತಕ್ಷಣ ಒಳಗೆ ಹೋಗಿ ಭುಜದ ಮೇಲೆ ಕೈ ಇಟ್ಟರೆ? ಒಂದು ದಿನ ಕೇಳಿಯೇ ಬಿಟ್ಟಳು: ‘ಇದಕ್ಕೆ ಮಾತ್ರ ಈ ರೂಮ್ ನೆನಪಾಗುತ್ತಾ?’

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಹೆರಿಗೆ ಆದ ಮೇಲೆ ಕೂಡಬೇಡಿ ಅಂತ ಡಾಕ್ಟರ್ ಹೇಳುವ 6 ವಾರ ಗಾಯ ಮಾಯುವ ಲೆಕ್ಕ, ಮನಸ್ಸಿನದ್ದಲ್ಲ. ಎದೆಹಾಲು ಕೊಡುವಾಗ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿದಿರುತ್ತದೆ. ಒಳಗೆ ಒಣಗಿ ನೋವಾಗುತ್ತದೆ, ಆಸೆಯೂ ಕಮ್ಮಿ. ನಾನು ಪ್ರೀತಿಯೇ ಹೋಯಿತು ಅಂದುಕೊಂಡಿದ್ದೆ. ಮತ್ತೆ ಬಸಿರಾದರೆ ಅನ್ನೋ ಭಯವೂ ಅವಳಿಗಿತ್ತು. ಒಮ್ಮೆಯೂ ಕೇಳಿರಲಿಲ್ಲ ನಾನು. ನೋವಿದ್ದರೆ ಡಾಕ್ಟರಿಗೆ ತೋರಿಸಿ. ಯಾವಾಗಲೂ ಮಂಕಾಗಿ ಕೂತು ಅಳುತ್ತಿದ್ದರೆ ಮೊದಲು ಅದನ್ನೇ ಹೇಳಿ.

ಮಗೂನ ಅಮ್ಮನ ಹತ್ತಿರ ಬಿಟ್ಟು ಎರಡು ದಿನ ಕೂರ್ಗ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಬೇಡ ಮಾರಾಯರೇ. ನಾವು ಸಕಲೇಶಪುರಕ್ಕೆ ಹೋಗಿದ್ದೆವು. ರಾತ್ರಿ ಅವಳಿಗೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಯಿತು. ಬೆಳಗ್ಗೆ ಆರಕ್ಕೇ ವಾಪಸ್. ‘ಮೊದಲಿನ ಹಾಗೆ’ ಅನ್ನೋದನ್ನೇ ಬಿಡಿ, ಮೊದಲು ಮನೆಯಲ್ಲಿ ಇಬ್ಬರೇ ಇದ್ದಿರಿ ಅಲ್ವಾ.

ನಾನು ಮಾಡಿದ್ದು ಇಷ್ಟೇ. ದಿಂಬು ವಾಪಸ್ ತಂದೆ. ರಾತ್ರಿ ಮಗು ಎದ್ದರೆ ಹೆಗಲಿಗೆ ಹಾಕಿಕೊಂಡು ತಟ್ಟೋದು ನನ್ನ ಕೆಲಸ ಅಂದೆ. ಬೇರೇನೂ ಕೇಳಲಿಲ್ಲ. ಮೊದಲೆರಡು ವಾರ ಅವಳಿಗೆ ನಂಬಿಕೆಯೇ ಬರಲಿಲ್ಲ, ಕಣ್ಣು ಮುಚ್ಚಿಕೊಂಡೇ ಗಮನಿಸುತ್ತಿದ್ದಳು. ಆಮೇಲೊಂದು ರಾತ್ರಿ, ಎರಡೂವರೆ ಇರಬೇಕು, ಓನರ್ ಬಾಡಿಗೆ ಜಾಸ್ತಿ ಮಾಡ್ತಾನಂತೆ ಅಂತ ಶುರು ಮಾಡಿದಳು. ಮಾತಾಡುತ್ತಲೇ ತಣ್ಣಗಿದ್ದ ಕಾಲನ್ನು ನನ್ನ ಕಾಲ ಮೇಲೆ ಹಾಕಿದಳು. ಐದೇ ನಿಮಿಷ, ಮಗು ಮತ್ತೆ ಎದ್ದಿತು.